ನೀರಿನ ಮರುಬಳಕೆ ಘಟಕಗಳಲ್ಲಿ ಮೆಂಬ್ರೇನ್ ಕಟ್ಟಿಕೊಳ್ಳುವ ಸಮಸ್ಯೆ: ಕಾರಣ, ವೆಚ್ಚ ಮತ್ತು ಲೆಕ್ಕ

ತ್ಯಾಜ್ಯ ನೀರನ್ನು ಶುದ್ಧೀಕರಿಸಿ ಮತ್ತೆ ಉತ್ಪಾದನೆಗೆ ಬಳಸುವ ಉದ್ದಿಮೆಗಳ ಲೆಕ್ಕಪತ್ರಗಳನ್ನು ಪರಿಶೀಲಿಸುವಾಗ ‘ದುರಸ್ತಿ ಮತ್ತು ನಿರ್ವಹಣೆ’ ಎಂಬ ಶೀರ್ಷಿಕೆಯಡಿ ಒಂದು ಬಾಬು ಮೇಲಿಂದ ಮೇಲೆ ಕಣ್ಣಿಗೆ ಬೀಳುತ್ತದೆ. ಅದು ಮೆಂಬ್ರೇನ್ ಬದಲಾವಣೆಯ ವೆಚ್ಚ. ಘಟಕವನ್ನು ಸ್ಥಾಪಿಸುವಾಗ ಸರಬರಾಜುದಾರರು ಮೆಂಬ್ರೇನ್ ಮೂರರಿಂದ ಐದು ವರ್ಷ ಬಾಳುವುದೆಂದು ಹೇಳಿರುತ್ತಾರೆ. ಮಾಲೀಕರು ಅದನ್ನೇ ನಂಬಿ ಯೋಜನಾ ವರದಿಯನ್ನು ಬ್ಯಾಂಕಿಗೆ ಸಲ್ಲಿಸಿರುತ್ತಾರೆ. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಹೊಸ ಮೆಂಬ್ರೇನ್‌ಗೆ ಖರೀದಿ ಆದೇಶ ಹೊರಡುತ್ತದೆ. ಕಾರಣ ಕೇಳಿದರೆ ‘ಕಟ್ಟಿಕೊಂಡಿತು’ ಎಂಬ ಒಂದೇ ಉತ್ತರ ದೊರೆಯುತ್ತದೆ. ಹೀಗೆ ಕಟ್ಟಿಕೊಳ್ಳುವುದೆಂದರೆ ಏನು, ಅದರ ನಿಜವಾದ ವೆಚ್ಚ ಎಷ್ಟು, ಮಾಲೀಕರಾದವರು ಅದನ್ನು ಯಾವ ಅಂಕಿಗಳಿಂದ ಮುಂಚಿತವಾಗಿ ತಿಳಿಯಬಹುದು ಎಂಬುದನ್ನು ತಾಂತ್ರಿಕ ಹಿನ್ನೆಲೆಯಿಲ್ಲದ ಓದುಗರಿಗೂ ಅರ್ಥವಾಗುವಂತೆ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೆಂಬ್ರೇನ್ ಮಾಡುವ ಕೆಲಸ

ಆರ್.ಓ. ಘಟಕದ ಮೆಂಬ್ರೇನ್ ಒಂದು ತೆಳುವಾದ ಪೊರೆ. ಒತ್ತಡ ಹಾಕಿದಾಗ ಅದು ನೀರನ್ನು ದಾಟಿಸಿ ಲವಣಗಳನ್ನು ತಡೆಯುತ್ತದೆ. ಬಳಕೆಗೆ ಯೋಗ್ಯವಾದ ಇಂತಹ ಪೊರೆಯನ್ನು 1960ರ ಆಸುಪಾಸಿನಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ ರೂಪಿಸಿದರು. ಅವರು ಬಳಸಿದ್ದು ಸೆಲ್ಯುಲೋಸ್ ಅಸಿಟೇಟ್. ಇಂದು ನಮ್ಮ ಕಾರ್ಖಾನೆಗಳಲ್ಲಿ ಇರುವುದು ಬಹುತೇಕ ಪಾಲಿಅಮೈಡ್ ಲೇಪನದ ಪೊರೆ. ಇದನ್ನು ಹಾಳೆಗಳಂತೆ ಜೋಡಿಸಿ, ನಡುವೆ ಜಾಲರಿ ಇಟ್ಟು, ಚಾಪೆಯಂತೆ ಸುತ್ತಿ ಕೊಳವೆಯಲ್ಲಿ ಕೂರಿಸಿರುತ್ತಾರೆ. 8 ಅಂಗುಲ ವ್ಯಾಸ ಮತ್ತು 40 ಅಂಗುಲ ಉದ್ದದ ಒಂದು ಸುರುಳಿಯೊಳಗೆ ಸುಮಾರು 37 ಚದರ ಮೀಟರ್ ಪೊರೆ ಅಡಗಿರುತ್ತದೆ.

ಸಾಮಾನ್ಯ ಸೋಸುಬಟ್ಟೆಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಇಲ್ಲಿ ನೀರು ಪೊರೆಯ ಮೇಲ್ಮೈಯನ್ನು ಸವರಿಕೊಂಡು ಹರಿಯುತ್ತದೆ. ಒಂದು ಭಾಗ ಪೊರೆಯನ್ನು ದಾಟಿ ಶುದ್ಧ ನೀರಾಗಿ ಹೊರಬರುತ್ತದೆ, ಉಳಿದ ಭಾಗ ಲವಣವನ್ನೆಲ್ಲ ಹೊತ್ತು ರಿಜೆಕ್ಟ್ ನೀರಾಗಿ ಹೋಗುತ್ತದೆ. ನೂರು ಲೀಟರಿನಲ್ಲಿ 50 ಲೀಟರ್ ಶುದ್ಧ ನೀರು ತೆಗೆದರೆ ರಿಜೆಕ್ಟ್‌ನಲ್ಲಿ ಲವಣ ಎರಡು ಪಟ್ಟಾಗುತ್ತದೆ. 75 ಲೀಟರ್ ತೆಗೆದರೆ ನಾಲ್ಕು ಪಟ್ಟು, 90 ತೆಗೆದರೆ ಹತ್ತು ಪಟ್ಟು. ಪೊರೆಗೆ ತಾಗಿಕೊಂಡಿರುವ ಅತಿ ತೆಳುವಾದ ಪದರದಲ್ಲಿ ಸಾಂದ್ರತೆ ಇದಕ್ಕಿಂತಲೂ ಹೆಚ್ಚು. ಹೆಚ್ಚು ನೀರು ತೆಗೆಯಬೇಕೆಂಬ ಮಾಲೀಕರ ಆಸೆಗೂ ಪೊರೆಯ ಆಯುಸ್ಸಿಗೂ ಇರುವ ವೈರುಧ್ಯ ಆರಂಭವಾಗುವುದು ಇಲ್ಲಿಯೇ.

ಕಟ್ಟಿಕೊಳ್ಳುವುದರಲ್ಲಿ ನಾಲ್ಕು ಬಗೆ

ಮೊದಲನೆಯದು ತೇಲುವ ಕಣಗಳು ಮತ್ತು ಸೂಕ್ಷ್ಮ ಜೇಡಿ. ಇವು ಮುಂಭಾಗದ ಸುರುಳಿಗಳಲ್ಲಿ ಸಿಕ್ಕಿಕೊಳ್ಳುತ್ತವೆ, ಮತ್ತು ಮುಂಚಿನ ಶೋಧನೆ ಸರಿಯಾಗಿದ್ದರೆ ಇವುಗಳಿಂದ ಹೆಚ್ಚಿನ ಭಯವಿಲ್ಲ.

ಎರಡನೆಯದು ಹರಳುಗಟ್ಟುವ ಲವಣ. ಕ್ಯಾಲ್ಸಿಯಂ ಕಾರ್ಬೊನೇಟ್, ಕ್ಯಾಲ್ಸಿಯಂ ಸಲ್ಫೇಟ್ ಹಾಗೂ ಸಿಲಿಕಾ ಇದರಲ್ಲಿ ಪ್ರಮುಖ. ಇದು ಸಾಂದ್ರತೆ ಅತ್ಯಧಿಕವಾಗಿರುವ ಕೊನೆಯ ಸುರುಳಿಗಳಲ್ಲಿ ಕಾಣಿಸಿಕೊಳ್ಳುತ್ತದೆ. ಸ್ನಾನದ ಮನೆಯ ಹಂಡೆಯ ಒಳಮೈಯಲ್ಲಿ ಕಟ್ಟುವ ಬಿಳಿಯ ಗಾರೆಯನ್ನು ಬಲ್ಲವರಿಗೆ ಮೊದಲನೆಯ ಲವಣದ ಪರಿಚಯ ಮಾಡಿಕೊಡಬೇಕಾಗಿಲ್ಲ; ಅದು ಆಮ್ಲದಿಂದ ತೊಳೆದರೆ ಹೋಗುತ್ತದೆ. ಸಿಲಿಕಾ ಹಾಗಲ್ಲ. ಗ್ರಾನೈಟ್ ಬಂಡೆಯ ಪ್ರದೇಶಗಳಲ್ಲಿ ಕೊಳವೆ ಬಾವಿಯ ನೀರಿನಲ್ಲಿ ಸಿಲಿಕಾ ಇರುವುದು ಸಹಜ. 25 ಡಿಗ್ರಿ ಉಷ್ಣತೆಯಲ್ಲಿ ಲೀಟರಿಗೆ ಸುಮಾರು 120 ಮಿಲಿಗ್ರಾಂವರೆಗೆ ಅದು ಕರಗಿರುತ್ತದೆ. ಒಳಬರುವ ನೀರಿನಲ್ಲಿ 40 ಮಿಲಿಗ್ರಾಂ ಇದ್ದು ಶೇಕಡ 75ರಷ್ಟು ನೀರನ್ನು ತೆಗೆದರೆ ರಿಜೆಕ್ಟ್‌ನಲ್ಲಿ ಅದು 160 ಆಗುತ್ತದೆ, ಅಂದರೆ ಮಿತಿಯನ್ನು ಮೀರುತ್ತದೆ. ಹರಳು ತಡೆಯುವ ಆಂಟಿಸ್ಕೇಲಂಟ್ ಔಷಧಿ ಸ್ವಲ್ಪ ಕಾಲಾವಕಾಶ ಕೊಡಬಹುದು. ಆದರೆ ಪೊರೆಯ ಮೇಲೆ ಒಮ್ಮೆ ಗಾಜಿನಂತೆ ಕಟ್ಟಿದ ಸಿಲಿಕಾವನ್ನು ಪೊರೆಗೆ ಹಾನಿಯಾಗದಂತೆ ತೆಗೆಯುವುದು ಬಹಳ ಕಷ್ಟ.

ಮೂರನೆಯದು ಸಾವಯವ ಪದಾರ್ಥಗಳು: ಎಣ್ಣೆ, ಬಣ್ಣ, ಸಾಬೂನಿನಂತಹ ರಾಸಾಯನಿಕಗಳು. ನಾಲ್ಕನೆಯದು ಜೀವಿಗಳು. ಬ್ಯಾಕ್ಟೀರಿಯಾ ಪೊರೆಯ ಮೇಲೆ ಬೀಡು ಬಿಟ್ಟು ಲೋಳೆಯನ್ನು ಸ್ರವಿಸಿ ಅದರಡಿ ವಂಶ ಬೆಳೆಸುತ್ತದೆ. ಕೊಳದ ಕಲ್ಲಿನ ಮೇಲಿನ ಪಾಚಿ ಜಾರಿದಂತೆ ಈ ಲೋಳೆಯೂ ಜಾರುತ್ತದೆ, ಆದರೆ ಬಿಡುವುದಿಲ್ಲ. ಬಾವಿಯ ನೀರಿಗಿಂತ ಮರುಬಳಕೆಯ ನೀರಿನಲ್ಲಿ ಈ ಎರಡು ಬಗೆಗಳೇ ಪ್ರಬಲ. ಏಕೆಂದರೆ ತ್ಯಾಜ್ಯ ನೀರಿನಲ್ಲಿ ಬ್ಯಾಕ್ಟೀರಿಯಾಗೆ ಬೇಕಾದ ಆಹಾರ ಸಿದ್ಧವಾಗಿರುತ್ತದೆ.

ಕ್ಲೋರಿನ್ ಹಾಕಿ ಕೊಂದರಾಯಿತಲ್ಲ ಎಂದು ಕೇಳಬಹುದು. ಇಲ್ಲೊಂದು ಪೇಚು ಇದೆ. ಪಾಲಿಅಮೈಡ್ ಪೊರೆಯನ್ನು ಮುಕ್ತ ಕ್ಲೋರಿನ್ ತಿಂದುಹಾಕುತ್ತದೆ. ಅದು ಲೀಟರಿಗೆ 0.1 ಮಿಲಿಗ್ರಾಂ ಮೀರದಂತೆ ನೋಡಿಕೊಳ್ಳಬೇಕು. ಆದುದರಿಂದ ಮೊದಲು ಕ್ಲೋರಿನ್ ಹಾಕಿ, ಪೊರೆಗೆ ಮುನ್ನ ಸೋಡಿಯಂ ಬೈಸಲ್ಫೈಟ್ ಹಾಕಿ ಅದನ್ನು ನಿವಾರಿಸುತ್ತಾರೆ. ಕ್ಲೋರಿನ್ ನಿವಾರಣೆಯಾದ ಸ್ಥಳದಿಂದಲೇ ಬದುಕುಳಿದ ಜೀವಿಗಳು ಮತ್ತೆ ಬೆಳೆಯತೊಡಗುತ್ತವೆ. ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ 2008ರಿಂದ ಹಾಗೂ ಸಿಂಗಪುರದ ‘ನ್ಯೂವಾಟರ್’ ಯೋಜನೆಯಲ್ಲಿ 2003ರಿಂದ ನಗರದ ಕೊಳಚೆ ನೀರನ್ನು ಈ ಬಗೆಯ ಪೊರೆಗಳ ಮೂಲಕವೇ ಹಾಯಿಸಲಾಗುತ್ತಿದೆ. ಅಲ್ಲಿ ಪೊರೆಗೆ ಅಷ್ಟು ಹಾನಿ ಮಾಡದ ಕ್ಲೋರಮೀನ್ ಬಳಸುತ್ತಾರೆ, ಆರ್.ಓ.ಗೆ ಮುನ್ನ ಇನ್ನೊಂದು ಸೂಕ್ಷ್ಮ ಶೋಧಕ ಪೊರೆಯನ್ನೂ ಇಟ್ಟಿದ್ದಾರೆ. 2019ರಲ್ಲಿ ಚೆನ್ನೈನ ಕೊಡುಂಗೈಯೂರು ಮತ್ತು ಕೊಯಂಬೇಡುಗಳಲ್ಲಿ ಉದ್ದಿಮೆಗಳಿಗಾಗಿ ಆರಂಭವಾದ ತಲಾ ದಿನಕ್ಕೆ 4.5 ಕೋಟಿ ಲೀಟರ್ ಸಾಮರ್ಥ್ಯದ ಘಟಕಗಳಲ್ಲಿಯೂ ಆರ್.ಓ.ಗೆ ಮುನ್ನ ಅಲ್ಟ್ರಾಫಿಲ್ಟ್ರೇಷನ್ ಇದೆ. ನಮ್ಮ ಸಣ್ಣ ಘಟಕಗಳಲ್ಲಿ ವೆಚ್ಚ ಉಳಿಸುವ ನೆಪದಲ್ಲಿ ಮೊದಲು ಕೈಬಿಡುವುದು ಈ ಮುಂಚಿನ ಶೋಧನೆಯನ್ನೇ.

ಖರೀದಿ ವಿಭಾಗದ ಪಾತ್ರ

ಪೊರೆ ಕಟ್ಟಿಕೊಂಡರೆ ದೂರು ಹೋಗುವುದು ಘಟಕ ನಡೆಸುವ ಆಪರೇಟರ್‌ನ ಮೇಲೆ. ನನ್ನ ಅಭಿಪ್ರಾಯದಲ್ಲಿ ಮೊದಲು ನೋಡಬೇಕಾದುದು ರಾಸಾಯನಿಕಗಳ ಖರೀದಿ ಖಾತೆಯನ್ನು. ಜವಳಿ ಬಣ್ಣಗಾರಿಕೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ನೊರೆ ತಡೆಯಲು ಬಳಸುವ ಸಿಲಿಕೋನ್ ಆಧಾರಿತ ದ್ರಾವಣ, ಬಟ್ಟೆ ಮೃದುಗೊಳಿಸುವ ಸಿಲಿಕೋನ್ ಎಮಲ್ಷನ್ ಇವು ಪೊರೆಗೆ ಅಂಟಿದರೆ ಸುಲಭವಾಗಿ ಬಿಡುವುದಿಲ್ಲ. ಕಿಲೋಗೆ ಹತ್ತು ರೂಪಾಯಿ ಅಗ್ಗವೆಂದು ಖರೀದಿ ವಿಭಾಗದವರು ಬೇರೆ ತಯಾರಿಕೆಯ ಮಾಲನ್ನು ತರಿಸುತ್ತಾರೆ. ನೀರಿನ ಘಟಕದವರಿಗೆ ಆ ಸುದ್ದಿಯೇ ತಲುಪಿರುವುದಿಲ್ಲ.

ಶುದ್ಧೀಕರಣ ಘಟಕದೊಳಗಿನ ರಾಸಾಯನಿಕಗಳೂ ಇದಕ್ಕೆ ಹೊರತಲ್ಲ. ಕೆಸರು ಬೇಗ ಕೆಳಗಿಳಿಯಲೆಂದು ಹಾಕುವ ಪಾಲಿಎಲೆಕ್ಟ್ರೊಲೈಟ್‌ಗಳಲ್ಲಿ ಧನ ವಿದ್ಯುದಂಶವಿರುವ ಬಗೆಗಳಿವೆ. ಪೊರೆಯ ಮೇಲ್ಮೈ ಋಣ ವಿದ್ಯುದಂಶವುಳ್ಳದ್ದು. ಅಳತೆ ಮೀರಿ ಹಾಕಿದ ಪಾಲಿಮರ್ ನೀರಿನೊಡನೆ ಮುಂದೆ ಹರಿದು ಪೊರೆಗೆ ಗೋಂದಿನಂತೆ ಹಿಡಿಯುತ್ತದೆ. ಆಂಟಿಸ್ಕೇಲಂಟ್‌ನೊಡನೆ ಸೇರಿ ಅಂಟಾದ ಗಸಿಯನ್ನೂ ಉಂಟುಮಾಡಬಹುದು. ಎರಡೂ ಔಷಧಿಗಳು ತಂತಮ್ಮ ಕೆಲಸಕ್ಕೆ ಉತ್ತಮವಾದವುಗಳೇ. ಎರಡನ್ನು ಬೇರೆ ಬೇರೆ ವ್ಯಾಪಾರಿಗಳಿಂದ ಕೊಂಡಾಗ ಅವು ಒಂದಕ್ಕೊಂದು ಹೊಂದುತ್ತವೆಯೇ ಎಂದು ಕೇಳುವವರು ಯಾರೂ ಇರುವುದಿಲ್ಲ. ಎರಡಕ್ಕೂ ಒಬ್ಬರನ್ನೇ ಹೊಣೆಗಾರರನ್ನಾಗಿಸುವುದು, ಅಥವಾ ಬದಲಾವಣೆಗೆ ಮುನ್ನ ಮೆಂಬ್ರೇನ್ ತಯಾರಕರ ಲಿಖಿತ ಒಪ್ಪಿಗೆ ಪಡೆಯುವುದು ಕ್ಷೇಮ.

ಇನ್ನು ಜೈವಿಕ ತೊಟ್ಟಿಯಲ್ಲಿಯೇ ಪೊರೆಯನ್ನು ಮುಳುಗಿಸಿರುವ ಎಂ.ಬಿ.ಆರ್. ಘಟಕಗಳ ಮಾತು. ಇವುಗಳ ಪೊರೆಯ ರಂಧ್ರ ಆರ್.ಓ.ಗಿಂತ ಬಹಳ ದೊಡ್ಡದು. ಕೆಳಗಿನಿಂದ ಗಾಳಿಯ ಗುಳ್ಳೆ ಬಿಟ್ಟು ಮೇಲ್ಮೈಯನ್ನು ಉಜ್ಜುತ್ತಿರಬೇಕು. ಇಲ್ಲಿ ಲೋಳೆಯ ಜೊತೆಗೆ ಕೂದಲು, ನೂಲಿನ ಎಳೆ, ಹತ್ತಿಯ ಜುಂಗು ಶತ್ರುಗಳು. ಇವು ಹೆಣೆದುಕೊಂಡು ಹಗ್ಗದಂತಾದರೆ ಯಾವ ರಾಸಾಯನಿಕದಿಂದಲೂ ಪ್ರಯೋಜನವಿಲ್ಲ, ಕೈಯಿಂದಲೇ ಬಿಡಿಸಬೇಕು. ಮುಂಚಿತವಾಗಿ 1ರಿಂದ 3 ಮಿ.ಮೀ. ಕಿಂಡಿಯ ಜಾಲರಿ ಇಡುವುದೊಂದೇ ಪರಿಹಾರ. ಗಾಳಿಯ ಬ್ಲೋಯರ್ ವಿದ್ಯುತ್ ತಿನ್ನುತ್ತದೆಂದು ರಾತ್ರಿ ಪಾಳಿಯಲ್ಲಿ ನಿಲ್ಲಿಸಿ ನೀರನ್ನು ಮಾತ್ರ ಎಳೆಯುವ ಉಳಿತಾಯ, ಹತ್ತು ಪೈಸೆ ಉಳಿಸಿ ರೂಪಾಯಿ ಕಳೆಯುವ ಬಗೆಯದು.

ವೆಚ್ಚದ ಲೆಕ್ಕ

ಮೆಂಬ್ರೇನ್‌ನ ಬೆಲೆಯೇ ಕಟ್ಟಿಕೊಳ್ಳುವುದರ ವೆಚ್ಚವೆಂದು ಭಾವಿಸುವುದು ಸಾಮಾನ್ಯ. ಅದು ಸರಿಯಲ್ಲ. ಲೆಕ್ಕದ ಅನುಕೂಲಕ್ಕಾಗಿ ದಿನಕ್ಕೆ 320 ಘನ ಮೀಟರ್ ನೀರು ಒಳಬರುವ, ಅದರಲ್ಲಿ ಶೇಕಡ 75, ಅಂದರೆ 240 ಘನ ಮೀಟರ್ ಶುದ್ಧ ನೀರು ಕೊಡುವ ಒಂದು ಘಟಕವನ್ನು ಊಹಿಸಿಕೊಳ್ಳೋಣ.

ಪೊರೆ ಕಟ್ಟಿದಂತೆ ಅಷ್ಟೇ ನೀರು ತೆಗೆಯಲು ಆಪರೇಟರ್ ಒತ್ತಡವನ್ನು ಏರಿಸುತ್ತಾನೆ. 12 ಬಾರ್ ಇದ್ದುದು 15 ಬಾರ್ ಆಯಿತೆನ್ನಿ. ಪಂಪು ಮತ್ತು ಮೋಟರಿನ ಒಟ್ಟು ದಕ್ಷತೆ ಶೇಕಡ 70 ಎಂದು ಹಿಡಿದರೆ ದಿನದ ವಿದ್ಯುತ್ ಬಳಕೆ 152 ಯೂನಿಟ್‌ನಿಂದ 190 ಯೂನಿಟ್‌ಗೆ ಹೋಗುತ್ತದೆ. ಯೂನಿಟ್‌ಗೆ 8 ರೂಪಾಯಿಯಂತೆ 300 ದಿನಗಳಿಗೆ ಹೆಚ್ಚುವರಿ ವೆಚ್ಚ ಸುಮಾರು 90 ಸಾವಿರ ರೂಪಾಯಿ. ಇದು ವಿದ್ಯುತ್ ಬಿಲ್ಲಿನಲ್ಲಿ ಕರಗಿಹೋಗುವುದರಿಂದ ಯಾರ ಗಮನಕ್ಕೂ ಬರುವುದಿಲ್ಲ. ಒತ್ತಡ ಏರಿಸಿದಾಗ ಪೊರೆಯ ಮೇಲಿನ ಪದರ ಇನ್ನಷ್ಟು ಬಿಗಿಯಾಗಿ ಕೂರುತ್ತದೆ, ಮತ್ತೆ ಒತ್ತಡ ಏರಿಸಬೇಕಾಗುತ್ತದೆ. ಓವರ್‌ಡ್ರಾಫ್ಟಿನ ಬಡ್ಡಿಯನ್ನು ಓವರ್‌ಡ್ರಾಫ್ಟಿನಿಂದಲೇ ಕಟ್ಟುವ ಸ್ಥಿತಿ ಇದು.

ಆದರೆ ಇದು ಸಣ್ಣ ಮೊತ್ತ. ಪಂಪಿನ ಶಕ್ತಿ ಮುಗಿದು ಶುದ್ಧ ನೀರಿನ ಪ್ರಮಾಣ ಶೇಕಡ 75ರಿಂದ 65ಕ್ಕೆ ಇಳಿಯಿತೆಂದು ಭಾವಿಸಿ. ಈಗ ಶುದ್ಧ ನೀರು 208, ರಿಜೆಕ್ಟ್ 112 ಘನ ಮೀಟರ್. ಮೊದಲು ರಿಜೆಕ್ಟ್ 80 ಇತ್ತು. ಶುದ್ಧ ನೀರು ಶೇಕಡ 13ರಷ್ಟು ಮಾತ್ರ ಕಡಿಮೆಯಾಯಿತು, ಆದರೆ ರಿಜೆಕ್ಟ್ ಶೇಕಡ 40ರಷ್ಟು ಹೆಚ್ಚಿತು. ಒಂದು ಹನಿಯನ್ನೂ ಹೊರಬಿಡಬಾರದೆಂಬ ಷರತ್ತಿರುವ ಉದ್ದಿಮೆ ಈ 32 ಘನ ಮೀಟರನ್ನು ಬಾಷ್ಪೀಕರಣ ಯಂತ್ರಕ್ಕೆ ಕಳುಹಿಸಲೇಬೇಕು. ಮೂರು ಹಂತದ ಬಾಷ್ಪೀಕರಣದಲ್ಲಿ ಒಂದು ಟನ್ ನೀರಿಗೆ ಸುಮಾರು 0.4 ಟನ್ ಹಬೆ ಬೇಕಾಗುತ್ತದೆ. ಅಂದರೆ ದಿನಕ್ಕೆ ಸುಮಾರು 13 ಟನ್ ಹಬೆ. ಒಂದು ಟನ್ ಸೌದೆಗೆ ಮೂರು ಟನ್ ಹಬೆ ಬರುವುದೆಂದು ಹಿಡಿದರೂ ನಾಲ್ಕು ಟನ್ನಿಗಿಂತ ಹೆಚ್ಚು ಸೌದೆ ದಿನವೂ ಉರಿಯಬೇಕು. ಜೊತೆಗೆ ಕಡಿಮೆ ಬಿದ್ದ 32 ಘನ ಮೀಟರ್ ನೀರನ್ನು ಹೊರಗಿನಿಂದ ಕೊಳ್ಳಬೇಕು. ಅದು 12 ಸಾವಿರ ಲೀಟರಿನ ಮೂರು ಟ್ಯಾಂಕರ್‌ಗಳಿಗೆ ಹತ್ತಿರ. ಓದುಗರು ತಮ್ಮ ಊರಿನ ಸೌದೆ ಮತ್ತು ಟ್ಯಾಂಕರಿನ ದರವನ್ನು ಹಾಕಿ ಗುಣಿಸಿ ನೋಡಲಿ. ಇಂತಹ ಕೆಲವು ವಾರಗಳ ವೆಚ್ಚದ ಮುಂದೆ ಹೊಸ ಮೆಂಬ್ರೇನ್‌ಗಳ ಬೆಲೆ ದೊಡ್ಡದೆನಿಸುವುದಿಲ್ಲ.

ಈ ಲೆಕ್ಕವನ್ನು ಕಡೆಗಣಿಸಿದರೆ ಆಪತ್ತು ಎಷ್ಟೆಂಬುದಕ್ಕೆ ತಿರುಪ್ಪೂರಿನ ಬಣ್ಣಗಾರಿಕೆ ಉದ್ದಿಮೆಯನ್ನು ನೋಡಬೇಕು. ನೊಯ್ಯಲ್ ನದಿಯ ಮಾಲಿನ್ಯದ ಬಗ್ಗೆ ಕೆಳದಂಡೆಯ ರೈತರು ಹೂಡಿದ ದಾವೆಯಲ್ಲಿ ಮದರಾಸು ಹೈಕೋರ್ಟ್ 2006ರ ಡಿಸೆಂಬರ್‌ನಲ್ಲಿ ಶೂನ್ಯ ವಿಸರ್ಜನೆಯನ್ನು ಸಾಧಿಸುವಂತೆ ಆದೇಶಿಸಿತು. ಮಾಲಿನ್ಯ ಮಾಡಿದವರೇ ಅದರ ವೆಚ್ಚ ಭರಿಸಬೇಕೆಂಬ ತತ್ವವನ್ನು 2009ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಲ್ಲಿನವರು ಆರ್.ಓ. ಮತ್ತು ಬಾಷ್ಪೀಕರಣ ಯಂತ್ರಗಳಿರುವ ಸಾಮೂಹಿಕ ಘಟಕಗಳಿಗೆ ಭಾರೀ ಬಂಡವಾಳ ಹೂಡಿದ್ದರು. ಆದರೂ ಹೊರಬಿಡುವುದು ನಿಲ್ಲಲಿಲ್ಲವೆಂದು 2011ರ ಜನವರಿಯಲ್ಲಿ ಹೈಕೋರ್ಟ್ ಏಳುನೂರಕ್ಕೂ ಹೆಚ್ಚು ಬಣ್ಣಗಾರಿಕೆ ಘಟಕಗಳನ್ನೂ ಸಾಮೂಹಿಕ ಶುದ್ಧೀಕರಣ ಘಟಕಗಳನ್ನೂ ಮುಚ್ಚಿಸಿತು. ಪೊರೆ ಕಟ್ಟಿದ್ದೊಂದೇ ಇದಕ್ಕೆ ಕಾರಣವೆಂದು ಹೇಳುವುದು ತಪ್ಪಾದೀತು. ಆದರೆ ಸರಪಳಿ ಸ್ಪಷ್ಟವಾಗಿದೆ: ಪೊರೆ ಸೋತರೆ ರಿಜೆಕ್ಟ್ ಹೆಚ್ಚುತ್ತದೆ, ರಿಜೆಕ್ಟ್ ಹೆಚ್ಚಿದರೆ ಬಾಷ್ಪೀಕರಣ ಯಂತ್ರಕ್ಕೆ ಸಾಲುವುದಿಲ್ಲ, ಸಾಲದೆ ಹೋದ ನೀರು ತೊಟ್ಟಿಯಲ್ಲಿ ನಿಲ್ಲುತ್ತದೆ, ಮಳೆಗಾಲದ ಒಂದು ರಾತ್ರಿ ಅದು ಹಳ್ಳಕ್ಕೆ ಹರಿಯುತ್ತದೆ.

ಕೊಟೇಷನ್ ಹೋಲಿಸುವ ಬಗೆ

ಮೂವರು ಸರಬರಾಜುದಾರರಿಂದ ದರಪಟ್ಟಿ ತರಿಸಿ ಕಡಿಮೆ ದರದವರಿಗೆ ಆದೇಶ ಕೊಡುವುದು ನಮ್ಮ ರೂಢಿ. ಮೆಂಬ್ರೇನ್ ಘಟಕದ ವಿಷಯದಲ್ಲಿ ದರಕ್ಕಿಂತ ಮೊದಲು ಸುರುಳಿಗಳ ಸಂಖ್ಯೆಯನ್ನು ನೋಡಬೇಕು. ಒಂದು ಚದರ ಮೀಟರ್ ಪೊರೆಯಿಂದ ಗಂಟೆಗೆ ಎಷ್ಟು ಲೀಟರ್ ಎಳೆಯುತ್ತಾರೆ ಎಂಬುದೇ ಕಟ್ಟಿಕೊಳ್ಳುವ ವೇಗವನ್ನು ನಿರ್ಧರಿಸುತ್ತದೆ. ಬಾವಿಯ ಶುಭ್ರ ನೀರಾದರೆ 27 ಲೀಟರ್‌ವರೆಗೆ ಎಳೆಯಬಹುದು. ಶುದ್ಧೀಕರಿಸಿದ ತ್ಯಾಜ್ಯ ನೀರಾದರೆ 17ರ ಸುಮಾರಿನಲ್ಲಿ ನಿಲ್ಲುವುದು ವಿವೇಕ. ಮೇಲಿನ ಉದಾಹರಣೆಯ 240 ಘನ ಮೀಟರಿಗೆ 27ರಂತೆ ಸುಮಾರು 10 ಸುರುಳಿ ಸಾಕು, 17ರಂತೆ 16 ಬೇಕು. ಹತ್ತು ಸುರುಳಿಗಳ ಕೊಟೇಷನ್ ಸಹಜವಾಗಿಯೇ ಅಗ್ಗವಾಗಿರುತ್ತದೆ. ಮೊದಲ ದಿನ ಅದೂ 240 ಘನ ಮೀಟರ್ ಕೊಟ್ಟು ಪರೀಕ್ಷೆಯಲ್ಲಿ ಉತ್ತೀರ್ಣವಾಗುತ್ತದೆ. ಮೂರನೆಯ ತಿಂಗಳಿನಲ್ಲಿ ಅದರ ಬಣ್ಣ ಬಯಲಾಗುತ್ತದೆ, ಅಷ್ಟರಲ್ಲಿ ಅಂತಿಮ ಕಂತು ಪಾವತಿಯಾಗಿರುತ್ತದೆ.

ಒಳಬರುವ ನೀರಿನ ಗುಣಮಟ್ಟಕ್ಕೂ ಒಂದು ಅಳತೆಗೋಲಿದೆ. ಅದನ್ನು ಎಸ್.ಡಿ.ಐ. ಎನ್ನುತ್ತಾರೆ. 0.45 ಮೈಕ್ರಾನ್ ರಂಧ್ರದ ಕಾಗದದ ಮೂಲಕ ನಿಗದಿತ ಒತ್ತಡದಲ್ಲಿ ನೀರು ಹಾಯಿಸಿ, 15 ನಿಮಿಷಗಳಲ್ಲಿ ಅದು ಎಷ್ಟು ಕಟ್ಟಿಕೊಳ್ಳುತ್ತದೆಂದು ನೋಡುವ ಸರಳ ಪರೀಕ್ಷೆ ಇದು. ಫಲಿತಾಂಶ 5 ಮೀರಬಾರದು, 3ರೊಳಗಿದ್ದರೆ ಒಳ್ಳೆಯದು. ಇದಕ್ಕೆ ಬೇಕಾದ ಉಪಕರಣ ದುಬಾರಿಯಲ್ಲ. ಆದರೂ ಅದು ಎಷ್ಟೋ ಕಾರ್ಖಾನೆಗಳಲ್ಲಿ ಇರುವುದಿಲ್ಲ, ಇದ್ದರೂ ಪೆಟ್ಟಿಗೆ ಬಿಚ್ಚಿರುವುದಿಲ್ಲ.

ಬೇಸಿಗೆಯಲ್ಲಿ ಅಡಗುವ ದೋಷ

ಮಾಲೀಕರು ದಿನವೂ ನೋಡುವ ಅಂಕಿ ಒಂದೇ: ಇಂದು ಎಷ್ಟು ನೀರು ಬಂತು. ಈ ಅಂಕಿ ಮೋಸಗೊಳಿಸುತ್ತದೆ. ನೀರಿನ ಉಷ್ಣತೆ ಒಂದು ಡಿಗ್ರಿ ಏರಿದರೆ ಪೊರೆ ಶೇಕಡ 3ರಷ್ಟು ಹೆಚ್ಚು ನೀರನ್ನು ಬಿಡುತ್ತದೆ. ಡಿಸೆಂಬರ್‌ನಲ್ಲಿ 20 ಡಿಗ್ರಿ ಇದ್ದ ನೀರು ಏಪ್ರಿಲ್‌ನಲ್ಲಿ 28 ಡಿಗ್ರಿ ಆದರೆ, ಪೊರೆ ಐದರಲ್ಲಿ ಒಂದು ಪಾಲು ಕಟ್ಟಿಕೊಂಡಿದ್ದರೂ ಮೀಟರಿನಲ್ಲಿ ಬಹುತೇಕ ಅದೇ ಅಂಕಿ ಕಾಣುತ್ತದೆ. ಬೇಸಿಗೆಯುದ್ದಕ್ಕೂ ಅಡಗಿದ್ದ ದೋಷ ಚಳಿಗಾಲದಲ್ಲಿ ಒಮ್ಮೆಲೇ ಹೊರಬಿದ್ದಾಗ ‘ನಿನ್ನೆಯವರೆಗೂ ಸರಿಯಿತ್ತು’ ಎಂಬ ಮಾತು ಕೇಳಿಬರುತ್ತದೆ. ಹಣದುಬ್ಬರವನ್ನು ಕಳೆಯದೆ ವಹಿವಾಟು ಬೆಳೆಯಿತೆಂದು ಸಂತೋಷಪಡುವವರ ಕಥೆಯೂ ಇದೇ ತಾನೆ?

ಆದುದರಿಂದ ಉಷ್ಣತೆ, ಒತ್ತಡ ಮತ್ತು ಲವಣಾಂಶಗಳನ್ನು ಸರಿಹೊಂದಿಸಿ ಪಡೆದ ಹರಿವನ್ನೇ ನೋಡಬೇಕು. ಪ್ರಮುಖ ಮೆಂಬ್ರೇನ್ ತಯಾರಕರು ಇದಕ್ಕಾಗಿ ಲೆಕ್ಕದ ತಖ್ತೆಗಳನ್ನು ಒದಗಿಸುತ್ತಾರೆ. ಹೀಗೆ ಸರಿಹೊಂದಿಸಿದ ಹರಿವು ಆರಂಭದ ಮಟ್ಟಕ್ಕಿಂತ ಶೇಕಡ 10 ಇಳಿದರೆ, ಅಥವಾ ಸುರುಳಿಗಳ ಎರಡು ತುದಿಗಳ ನಡುವಿನ ಒತ್ತಡದ ಅಂತರ ಶೇಕಡ 15ರಷ್ಟು ಏರಿದರೆ ರಾಸಾಯನಿಕ ತೊಳೆತಕ್ಕೆ ಸಮಯವಾಯಿತೆಂದು ತಿಳಿಯಬೇಕು. ಶೇಕಡ 30 ಇಳಿಯುವವರೆಗೆ ಕಾದರೆ ತೊಳೆತದಿಂದ ಪೊರೆ ಮೊದಲಿನ ಸ್ಥಿತಿಗೆ ಮರಳುವ ಸಂಭವ ಕಡಿಮೆ. ಸಾವಯವ ಪದಾರ್ಥ ಮತ್ತು ಲೋಳೆ ಹೆಚ್ಚಿರುವ ಮರುಬಳಕೆ ಘಟಕಗಳಲ್ಲಿ ಮೊದಲು ಕ್ಷಾರ, ನಂತರ ಆಮ್ಲ ಎಂಬ ಕ್ರಮವನ್ನು ಪಾಲಿಸಬೇಕು. ಮೊದಲೇ ಆಮ್ಲ ಹಾಕಿದರೆ ಸಾವಯವ ಪದರ ಗಟ್ಟಿಯಾಗಿ ಕೂರಬಹುದು. ಉತ್ಪಾದನೆ ನಿಲ್ಲುವುದೆಂದು ತೊಳೆತವನ್ನು ಮುಂದೂಡುವುದನ್ನು ತಪ್ಪಿಸಲು ವಾರದ ರಜೆಯ ದಿನವನ್ನೇ ಇದಕ್ಕೆ ಗೊತ್ತುಪಡಿಸುವುದು ಅನುಕೂಲ.

ತೆರಿಗೆ ಮತ್ತು ಕರಾರು

ಬದಲಿಸಿದ ಮೆಂಬ್ರೇನ್‌ನ ವೆಚ್ಚ ಆ ವರ್ಷದ ಖರ್ಚೇ ಅಥವಾ ಬಂಡವಾಳವೇ ಎಂಬ ಪ್ರಶ್ನೆ ಮೇಲಿಂದ ಮೇಲೆ ಏಳುತ್ತದೆ. ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ 2007ರಲ್ಲಿ ಸುಪ್ರೀಂ ಕೋರ್ಟ್, ನೂಲಿನ ಗಿರಣಿಯ ರಿಂಗ್ ಫ್ರೇಮ್ ಸ್ವತಂತ್ರ ಯಂತ್ರವಾದುದರಿಂದ ಅದರ ಬದಲಾವಣೆ ಚಾಲ್ತಿ ದುರಸ್ತಿಯಲ್ಲವೆಂದು ತೀರ್ಪಿತ್ತಿತು. ಮೆಂಬ್ರೇನ್ ಸುರುಳಿ ಹಾಗಲ್ಲ. ಕೊಳವೆ, ಪಂಪುಗಳಿಲ್ಲದೆ ಅದು ತಾನಾಗಿ ಯಾವ ಕೆಲಸವನ್ನೂ ಮಾಡದು. ಆದುದರಿಂದ ಅದೇ ಸಾಮರ್ಥ್ಯದ ಸುರುಳಿಗಳನ್ನು ಹಳೆಯವುಗಳ ಸ್ಥಾನದಲ್ಲಿ ಹಾಕಿದಾಗ ದುರಸ್ತಿಯೆಂದು ವಾದಿಸಲು ಗಟ್ಟಿಯಾದ ನೆಲೆಯಿದೆ. ಹತ್ತು ಸುರುಳಿಗಳಿದ್ದಲ್ಲಿ ಹದಿನಾರು ಹಾಕಿದರೆ ಹೆಚ್ಚುವರಿ ಆರು ಬಂಡವಾಳವೇ ಸರಿ. ಬಿಲ್ಲಿನಲ್ಲಿ ಇವೆರಡನ್ನೂ ಬೇರೆ ಬೇರೆ ಸಾಲುಗಳಲ್ಲಿ ನಮೂದಿಸಿಕೊಳ್ಳುವುದು ಒಳಿತು. ಕಂಪನಿಗಳಾದರೆ 2013ರ ಕಂಪನಿ ಕಾಯಿದೆಯ ಎರಡನೆಯ ಅನುಸೂಚಿಯಂತೆ, ಯಂತ್ರದ ಮಹತ್ವದ ಭಾಗಕ್ಕೆ ಬೇರೆಯ ಆಯುಸ್ಸಿದ್ದರೆ ಸವಕಳಿಯನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಬೇಕೆಂಬುದನ್ನೂ ಗಮನಿಸಬೇಕು. ಆದಾಯ ತೆರಿಗೆಯಲ್ಲಿ ನಿಗದಿತ ಜಲಮಾಲಿನ್ಯ ನಿಯಂತ್ರಣ ಸಾಧನಗಳಿಗೆ ಒಂದು ಕಾಲದಲ್ಲಿದ್ದ ಶೇಕಡ 100ರ ಸವಕಳಿಯನ್ನು 2018–19ರ ಕರನಿರ್ಧಾರ ವರ್ಷದಿಂದ ಶೇಕಡ 40ಕ್ಕೆ ಇಳಿಸಲಾಯಿತು. ಹಳೆಯ ಯೋಜನಾ ವರದಿಗಳನ್ನೇ ನಕಲು ಮಾಡುವವರು ಈ ಅಂಶವನ್ನು ಮರೆಯುವುದುಂಟು.

ಕೊನೆಯದಾಗಿ ವಾರಂಟಿ. ಮೆಂಬ್ರೇನ್‌ಗೆ ಸಾಮಾನ್ಯವಾಗಿ ಕೊಡುವ ಮೂರು ವರ್ಷಗಳ ವಾರಂಟಿ ಅನುಪಾತದ ಮೇಲಿರುತ್ತದೆ. ಹದಿನೆಂಟು ತಿಂಗಳ ಬಳಕೆಯ ನಂತರ ಕೆಟ್ಟರೆ ಬೆಲೆಯ ಅರ್ಧದಷ್ಟು ಮಾತ್ರ ವಜಾ ಸಿಗುತ್ತದೆ. ಕಟ್ಟಿಕೊಳ್ಳುವುದರಿಂದ ಆದ ಹಾನಿಗೆ ವಾರಂಟಿ ಅನ್ವಯಿಸುವುದಿಲ್ಲವೆಂಬ ಷರತ್ತು ಸಣ್ಣ ಅಕ್ಷರಗಳಲ್ಲಿ ಇದ್ದೇ ಇರುತ್ತದೆ. ತಯಾರಿಕೆಯ ದೋಷವೆಂದು ವಾದಿಸಬೇಕಾದರೆ ದೈನಂದಿನ ಒತ್ತಡ, ಹರಿವು, ಉಷ್ಣತೆ ಹಾಗೂ ಎಸ್.ಡಿ.ಐ. ದಾಖಲೆಗಳನ್ನು ಮೊದಲ ದಿನದಿಂದ ಹಾಜರುಪಡಿಸಬೇಕಾಗುತ್ತದೆ. ಆದುದರಿಂದ ಘಟಕದ ಲಾಗ್ ಪುಸ್ತಕವನ್ನು ನಗದು ಪುಸ್ತಕದಂತೆಯೇ ಪುಟಸಂಖ್ಯೆ ಹಾಕಿ, ಪಾಳಿಗೊಮ್ಮೆ ಸಹಿ ಮಾಡಿಸಿ ಇಡಬೇಕು. ಖರೀದಿ ಕರಾರಿನಲ್ಲಿಯೂ ಅಂತಿಮ ಶೇಕಡ 10ರಷ್ಟು ಹಣವನ್ನು ಮೊದಲ ದಿನದ ಪರೀಕ್ಷೆಯ ಮೇಲೆ ಬಿಡುಗಡೆ ಮಾಡದೆ, ಆರು ತಿಂಗಳ ನಂತರದ ಸರಿಹೊಂದಿಸಿದ ಹರಿವಿನ ಅಂಕಿಗೆ ಗಂಟು ಹಾಕುವಂತೆ ಬರೆಸಿಕೊಳ್ಳಬಹುದು.